ಭಾವುಚಾ ಧಕ್ಕೆಗೆ ಹೊಸ ಕಳೆ: ಕಡಲ ದಾರಿಗೆ ಮತ್ತೆ ತೆರೆಯುತ್ತಿರುವ ಮುಂಬಯಿ

ಮುಂಬಯಿ: ಮಂಗಳೂರು ಬಂದರಿನಲ್ಲಿ ದೋಣಿಗಳಿಂದ ಮೀನು ಇಳಿಸುವ ಜಾಗಕ್ಕೆ ‘ಧಕ್ಕೆ’ ಎನ್ನುತ್ತಾರೆ. ಮುಂಬಯಿಯ ಮಜ್‌ಗಾಂವ್‌ನಲ್ಲಿ ಮೀನು ಇಳಿಸುವ, ಲಾಂಚು ಹತ್ತುವ ಜಾಗಕ್ಕೆ ‘ಭಾವುಚಾ ಧಕ್ಕಾ’ ಎನ್ನುತ್ತಾರೆ. ಪದವೂ ಒಂದೇ, ಕಡಲೂ ಒಂದೇ. ಊರಿನ ಧಕ್ಕೆಯಲ್ಲಿ ಹುಟ್ಟಿ ಬೆಳೆದು ಈ ಧಕ್ಕೆಯಲ್ಲಿ ಅನ್ನ ಕಂಡುಕೊಂಡ ಕರಾವಳಿಯ ಜನರು ಮುಂಬಯಿಯಲ್ಲಿ ಸಾವಿರಾರು. ಮೊಗವೀರ ಬಂಧುಗಳು 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡರು ಎಂಬುದೇ ಈ ನಗರಕ್ಕೂ ನಮ್ಮ ಕಡಲ ತೀರಕ್ಕೂ ಇರುವ ನಂಟಿಗೆ ಸಾಕ್ಷಿ.

ಆ ಧಕ್ಕೆಯ ಸ್ವರೂಪ ಈಗ ಬದಲಾಗಿದೆ. ಒಂದು ಕಾಲದಲ್ಲಿ ಮೀನಿನ ಬುಟ್ಟಿ, ಒದ್ದೆ ಮೆಟ್ಟಿಲು, ಹಗ್ಗ ಹಿಡಿದು ಲಾಂಚಿಗೆ ಹಾರುವ ಪ್ರಯಾಣಿಕರು ಇಷ್ಟೇ ಕಾಣುತ್ತಿದ್ದ ಭಾವುಚಾ ಧಕ್ಕೆಯಿಂದ ಇಂದು ಕಾರು, ಬೈಕುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ದೊಡ್ಡ ಹಡಗು ಮಾಂಡ್ವಾಕ್ಕೆ ಹೊರಡುತ್ತದೆ. ಗೇಟ್‌ವೇ ಆಫ್ ಇಂಡಿಯಾ ಪಕ್ಕದಲ್ಲಿ ಕೋಟಿಗಟ್ಟಲೆ ವೆಚ್ಚದ ಹೊಸ ಜೆಟ್ಟಿಗೆ ನ್ಯಾಯಾಲಯದ ಒಪ್ಪಿಗೆ ದೊರೆತಿದೆ. ವಸಾಯಿ, ಭಾಯಂದರ್, ವಿರಾರ್‌ಗಳ ಖಾಡಿಗಳಲ್ಲಿ ರೋ-ರೋ ಬಾರ್ಜ್‌ಗಳು ಬಂದಿವೆ. ಈ ಅಭಿವೃದ್ಧಿಯಿಂದ ದಿನನಿತ್ಯ ದುಡಿಯುವ ಜನರಿಗೆ ಎಷ್ಟು ಪ್ರಯೋಜನ, ಅವರ ಜೀವಕ್ಕೆ ಎಷ್ಟು ಭದ್ರತೆ ಎಂಬ ಪ್ರಶ್ನೆ ಮಾತ್ರ ಇನ್ನೂ ಜೀವಂತವಾಗಿದೆ.

ಆಗಬೋಟಿನ ಕಾಲ

ಇಂದಿನ ತಲೆಮಾರಿಗೆ ಊರೆಂದರೆ ಕೊಂಕಣ ರೈಲು, ಇಲ್ಲವೇ ರಾತ್ರಿ ಬಸ್ಸು. ಆದರೆ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ಪ್ರಯಾಣಿಕರಿಗೆ ತೆರೆದುಕೊಂಡದ್ದು 1998ರ ಜನವರಿ 26ರಂದು. ಅದಕ್ಕೂ ಹಿಂದೆ, ನದಿಗಳಿಗೆ ಸೇತುವೆಗಳಿಲ್ಲದ ಕಾಲದಲ್ಲಿ, ಮುಂಬಯಿಗೆ ಬರುವ ನೇರ ದಾರಿ ಕಡಲೇ ಆಗಿತ್ತು. ಬಾಂಬೆ ಸ್ಟೀಮ್ ನೇವಿಗೇಶನ್ ಕಂಪೆನಿಯಂತಹ ಸಂಸ್ಥೆಗಳ ಸ್ಟೀಮರ್‌ಗಳು ಪಶ್ಚಿಮ ಕರಾವಳಿಯ ಬಂದರುಗಳನ್ನು ಒಂದೊಂದಾಗಿ ಮುಟ್ಟುತ್ತ ಓಡಾಡುತ್ತಿದ್ದವು. ಉತ್ತರ ಕನ್ನಡದ ಹಿರಿಯರು ಅದನ್ನು ‘ಆಗಬೋಟು’ ಎಂದು ಕರೆಯುತ್ತಿದ್ದರು.

ಆ ಪ್ರಯಾಣದಲ್ಲಿ ಇಂದಿನವರಿಗೆ ಆಶ್ಚರ್ಯ ತರುವ ಸಂಗತಿ ಒಂದಿದೆ. ಹಡಗು ದಡಕ್ಕೆ ಬರುತ್ತಲೇ ಇರಲಿಲ್ಲ. ಮಂಗಳೂರಿನ ಹಳೆಯ ಬಂದರು ನದೀಮುಖದಲ್ಲಿದ್ದುದರಿಂದ ಅಳಿವೆಯಲ್ಲಿ ಆಳ ಸಾಲದು. ಸ್ಟೀಮರ್ ದೂರದ ನೀರಿನಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಜನರು, ಪೆಟ್ಟಿಗೆಗಳು, ಮೂಟೆಗಳು ಎಲ್ಲವೂ ಮಚ್ವೆಯಲ್ಲೋ ದೋಣಿಯಲ್ಲೋ ಹೋಗಿ ಹಡಗಿನ ಏಣಿ ಹತ್ತಬೇಕು. ಮಳೆಗಾಲ ಬಂತೆಂದರೆ ಈ ಸೇವೆಗೆ ಬಾಗಿಲು. ಮುಂಬಯಿಯಲ್ಲಿದ್ದವರು ಮುಂಬಯಿಯಲ್ಲೇ, ಊರಲ್ಲಿದ್ದವರು ಊರಲ್ಲೇ. ಹಡಗು ದಡಕ್ಕೇ ಬಂದು ನಿಲ್ಲುವ ಸರ್ವಋತು ಬಂದರು ಮಂಗಳೂರಿಗೆ ದೊರೆತದ್ದು ಪಣಂಬೂರಿನಲ್ಲಿ ನವಮಂಗಳೂರು ಬಂದರು ಆದ ಮೇಲೆ. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅಷ್ಟರಲ್ಲಿ ರಸ್ತೆಗಳು, ಸೇತುವೆಗಳು ಆಗಿ ಬಸ್ಸಿನ ಯುಗ ಆರಂಭವಾಗಿತ್ತು.

ಮುಂಬಯಿಯಿಂದ ರತ್ನಾಗಿರಿ, ವೆಂಗುರ್ಲಾ ಮಾರ್ಗವಾಗಿ ಗೋವಾಕ್ಕೆ ಹೋಗುತ್ತಿದ್ದ ಪ್ರಯಾಣಿಕ ಹಡಗುಗಳು ಇನ್ನೂ ಕೆಲಕಾಲ ಉಳಿದವು. ‘ಕೊಂಕಣ್ ಸೇವಕ್’, ‘ಕೊಂಕಣ್ ಶಕ್ತಿ’ ಹೆಸರುಗಳು ಹಿರಿಯ ಓದುಗರಿಗೆ ನೆನಪಿರಬಹುದು. ಕ್ರಮೇಣ ಅವೂ ನಿಂತುಹೋದವು. 1990ರ ದಶಕದಲ್ಲಿ ಗೋವಾಕ್ಕೆ ವೇಗದ ಕ್ಯಾಟಮರಾನ್ ಬಂದು ಹೋಯಿತು. 2018ರ ಅಕ್ಟೋಬರ್‌ನಲ್ಲಿ ‘ಆಂಗ್ರಿಯಾ’ ಎಂಬ ವಿಹಾರ ನೌಕೆ ಬಂತು. ಆದರೆ ಅದು ಪ್ರವಾಸಿಗರ ಹಡಗೇ ಹೊರತು ಊರಿಗೆ ಹೋಗುವವರ ಹಡಗಲ್ಲ. ಅದೂ ಬಹುಕಾಲ ನಡೆಯಲಿಲ್ಲ.

ಮರೆಯಬಾರದ ‘ರಾಮದಾಸ್’

ಕಡಲ ಪ್ರಯಾಣದ ಮಾತು ಬಂದಾಗ ಮುಂಬಯಿಯ ಹಳಬರು ತಪ್ಪದೆ ನೆನೆಯುವ ಹೆಸರು ‘ರಾಮದಾಸ್’. ದೇಶಕ್ಕೆ ಸ್ವಾತಂತ್ರ್ಯ ಬರಲು ತಿಂಗಳಿಗೂ ಕಡಿಮೆ ದಿನಗಳಿದ್ದ 1947ರ ಜುಲೈ 17ರಂದು, ಅಮಾವಾಸ್ಯೆಯ ಬೆಳಿಗ್ಗೆ, ಈ ಸ್ಟೀಮರ್ ಭಾವುಚಾ ಧಕ್ಕೆಯಿಂದ ರೇವಸ್‌ಗೆ ಹೊರಟಿತ್ತು. ಹಬ್ಬಕ್ಕೆಂದು ಊರಿಗೆ ಹೊರಟವರು, ಮೀನುಗಾರರು, ವ್ಯಾಪಾರಿಗಳು ಕಿಕ್ಕಿರಿದು ತುಂಬಿದ್ದರು. ಹೊರಟು ಗಂಟೆಯಾಗುವ ಮೊದಲೇ ಗಾಳಿ, ಮಳೆ, ಅಲೆಗಳ ಹೊಡೆತಕ್ಕೆ ಹಡಗು ಒಂದು ಬದಿಗೆ ವಾಲಿತು. ಗಾಬರಿಗೊಂಡ ಜನ ಇನ್ನೊಂದು ಬದಿಗೆ ಓಡಿದರು. ಹಡಗು ಮಗುಚಿತು. ಆರುನೂರಕ್ಕೂ ಹೆಚ್ಚು ಮಂದಿ ನೀರುಪಾಲಾದರು. ಹಡಗಿನಲ್ಲಿ ನಿಸ್ತಂತು ಯಂತ್ರವಿರಲಿಲ್ಲ. ಈಜಿ ಬದುಕಿ ಬಂದವರು ಹೇಳುವ ತನಕ ನಗರಕ್ಕೆ ಸುದ್ದಿಯೇ ತಿಳಿದಿರಲಿಲ್ಲ.

ಎಪ್ಪತ್ತೇಳು ವರ್ಷಗಳ ನಂತರ, 2024ರ ಡಿಸೆಂಬರ್ 18ರ ಮಧ್ಯಾಹ್ನ, ಅದೇ ನೀರಿನಲ್ಲಿ ಮತ್ತೊಂದು ದುರಂತ ನಡೆಯಿತು. ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲಕಮಲ್’ ದೋಣಿಗೆ ಇಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ಸ್ಪೀಡ್ ಬೋಟ್ ಡಿಕ್ಕಿ ಹೊಡೆಯಿತು. 15 ಮಂದಿ ಪ್ರಾಣ ಕಳೆದುಕೊಂಡರು. ದೋಣಿಯಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ಅನೇಕರು ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ಆ ಘಟನೆಯ ಬಳಿಕ ಎಲ್ಲ ಪ್ರಯಾಣಿಕರೂ ಜಾಕೆಟ್ ತೊಡುವುದು ಕಡ್ಡಾಯವಾಯಿತು. ಧಕ್ಕೆಗಳ ನವೀಕರಣ ಬರಿಯ ಸೌಂದರ್ಯದ ಮಾತಲ್ಲ, ಜೀವದ ಮಾತು ಎಂಬುದಕ್ಕೆ ಈ ಎರಡು ದಿನಾಂಕಗಳೇ ಸಾಕು.

ಭಾವುಚಾ ಧಕ್ಕೆಯಿಂದ ಮಾಂಡ್ವಾಕ್ಕೆ

ಭಾವುಚಾ ಧಕ್ಕೆಗೆ ಆ ಹೆಸರು ಬಂದದ್ದು ಲಕ್ಷ್ಮಣ ಹರಿಶ್ಚಂದ್ರ ಅಜಿಂಕ್ಯ ಎಂಬವರಿಂದ. ಜನರ ಬಾಯಲ್ಲಿ ಅವರು ‘ಭಾವು’. ಸಮುದ್ರದ ದಂಡೆಯಲ್ಲಿ ದೋಣಿ ಹತ್ತಿ ಇಳಿಯುವವರು ಪಡುತ್ತಿದ್ದ ಪಾಡನ್ನು ಕಂಡು, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅವರು ಧಕ್ಕೆ ಕಟ್ಟಿಸಿದರು. ಸರ್ಕಾರಿ ಕಾಗದಗಳಲ್ಲಿ ಅದು ‘ಫೆರಿ ವಾರ್ಫ್’ ಆದರೂ ಜನರಿಗೆ ಅದು ಇಂದಿಗೂ ಭಾವುವಿನ ಧಕ್ಕೆಯೇ.

ಇಲ್ಲಿ ಮುಂಬಯಿ ಬಂದರು ಮಂಡಳಿಯೂ, ಎದುರು ದಡದ ಮಾಂಡ್ವಾದಲ್ಲಿ ಮಹಾರಾಷ್ಟ್ರ ಸಾಗರಿ ಮಂಡಳಿಯೂ ಹೊಸ ರೋ-ಪ್ಯಾಕ್ಸ್ ಟರ್ಮಿನಲ್‌ಗಳನ್ನು ನಿರ್ಮಿಸಿದವು. ಕೇಂದ್ರದ ಸಾಗರಮಾಲಾ ಯೋಜನೆಯಡಿ ಈ ಕೆಲಸ ನಡೆಯಿತು. ರೋ-ಪ್ಯಾಕ್ಸ್ ಎಂದರೆ ವಾಹನಗಳನ್ನೂ ಪ್ರಯಾಣಿಕರನ್ನೂ ಒಟ್ಟಿಗೆ ಒಯ್ಯುವ ಹಡಗು. ಕ್ರೇನಿನ ಅಗತ್ಯವಿಲ್ಲ. ವಾಹನಗಳು ಇಳಿಜಾರಿನ ಮೇಲೆ ಚಲಿಸಿಕೊಂಡೇ ಒಳಹೋಗಿ, ಆಚೆ ದಡದಲ್ಲಿ ಚಲಿಸಿಕೊಂಡೇ ಹೊರಬರುತ್ತವೆ. ಗ್ರೀಸ್‌ನಲ್ಲಿ ನಿರ್ಮಾಣವಾದ ಹಡಗು 2020ರ ಮಾರ್ಚ್ 15ರಂದು ಮೊದಲ ಸಂಚಾರ ಹೊರಟಿತು. ಕೆಲವೇ ದಿನಗಳಲ್ಲಿ ಕೊರೊನಾ ಲಾಕ್‌ಡೌನ್ ಬಂದು ಎಲ್ಲವೂ ನಿಂತಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸೇವೆ ಪುನರಾರಂಭವಾಯಿತು.

ಅಂಕಿಗಳನ್ನು ನೋಡಿದರೆ ಪ್ರಯೋಜನ ತಿಳಿಯುತ್ತದೆ. ರಸ್ತೆಯ ಮೂಲಕ ಮುಂಬಯಿಯಿಂದ ಮಾಂಡ್ವಾಕ್ಕೆ ಸುಮಾರು 110 ಕಿ.ಮೀ., ಮೂರು ನಾಲ್ಕು ಗಂಟೆಯ ದಾರಿ. ಕಡಲಿನಲ್ಲಿ ಸುಮಾರು 18 ಕಿ.ಮೀ., ಒಂದು ಗಂಟೆಯ ಪ್ರಯಾಣ. ಅದಕ್ಕಿಂತ ಮುಖ್ಯವಾದ ವಿಷಯ ಮಳೆಗಾಲದ್ದು. ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಸಣ್ಣ ಲಾಂಚುಗಳು, ಕ್ಯಾಟಮರಾನ್‌ಗಳು ಮೇ ಕೊನೆಯಲ್ಲಿ ನಿಂತರೆ ಮತ್ತೆ ಹೊರಡುವುದು ಮಳೆ ತಗ್ಗಿದ ಮೇಲೆ. ದೊಡ್ಡ ಹಡಗು, ಮಾಂಡ್ವಾದಲ್ಲಿ ಅಲೆತಡೆ ಗೋಡೆ ಇವೆರಡೂ ಇರುವುದರಿಂದ ಹವಾಮಾನ ಅನುಕೂಲವಿದ್ದ ದಿನಗಳಲ್ಲಿ ಮಳೆಗಾಲದಲ್ಲೂ ರೋ-ಪ್ಯಾಕ್ಸ್ ಓಡುತ್ತದೆ.

ಭರತ-ಇಳಿತದ ಲೆಕ್ಕ

ಧಕ್ಕೆ ಕಟ್ಟುವುದು ಬಸ್ ನಿಲ್ದಾಣ ಕಟ್ಟಿದಷ್ಟು ಸುಲಭವಲ್ಲ. ಮುಂಬಯಿಯ ಕಡಲಿನಲ್ಲಿ ಭರತಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನಾಲ್ಕೈದು ಮೀಟರ್‌ನಷ್ಟು ವ್ಯತ್ಯಾಸವಾಗುತ್ತದೆ. ಅಂದರೆ ಬೆಳಿಗ್ಗೆ ಮೆಟ್ಟಿಲ ಮೇಲ್ತುದಿಯಲ್ಲಿ ನಿಂತ ದೋಣಿ ಮಧ್ಯಾಹ್ನ ಒಂದು ಮಹಡಿಯಷ್ಟು ಕೆಳಗಿರುತ್ತದೆ. ಕಲ್ಲಿನ ಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿ ಜಾರುತ್ತದೆ. ದಟ್ಟಣೆಯ ಹೊತ್ತಿನಲ್ಲಿ ದೋಣಿಗಳು ಒಂದರ ಪಕ್ಕ ಒಂದು ನಿಂತಾಗ, ಪ್ರಯಾಣಿಕರು ಒಂದು ದೋಣಿಯಿಂದ ಇನ್ನೊಂದಕ್ಕೆ ದಾಟಿ ತಮ್ಮ ದೋಣಿ ಸೇರಬೇಕು. ವಯಸ್ಸಾದವರು, ಮಗುವನ್ನೆತ್ತಿಕೊಂಡ ತಾಯಂದಿರು, ಕಾಲು ನೋವಿನವರು ಇಲ್ಲಿ ಅನುಭವಿಸುವ ಕಷ್ಟ ಅಷ್ಟಿಷ್ಟಲ್ಲ.

ಇದಕ್ಕೆ ಪರಿಹಾರ ತೇಲುವ ಧಕ್ಕೆ. ನೀರಿನೊಂದಿಗೆ ಏರಿ ಇಳಿಯುವ ತೆಪ್ಪದಂತಹ ಕಟ್ಟೆಯನ್ನು ದಡಕ್ಕೆ ಸಣ್ಣ ಸೇತುವೆಯೊಂದರಿಂದ ಜೋಡಿಸುತ್ತಾರೆ. ಆಗ ಯಾವ ಹೊತ್ತಿನಲ್ಲೂ ದೋಣಿಯೂ ಕಟ್ಟೆಯೂ ಸಮಮಟ್ಟದಲ್ಲಿರುತ್ತವೆ.

ಇನ್ನೊಂದು ಸಮಸ್ಯೆ ಹೂಳು. ಖಾಡಿಯ ನೀರು ತರುವ ಕೆಸರು ಧಕ್ಕೆಯ ಬುಡದಲ್ಲಿ ತುಂಬುತ್ತದೆ. ಭಾವುಚಾ ಧಕ್ಕೆಯಿಂದ ಉರಣದ ಮೋರಾಕ್ಕೆ ಹೋಗುವ ಲಾಂಚುಗಳು ದೊಡ್ಡ ಇಳಿತದ ದಿನಗಳಲ್ಲಿ ದಡ ಮುಟ್ಟಲಾಗದೆ ಕೆಲವು ಗಂಟೆ ಸೇವೆ ನಿಲ್ಲಿಸುವುದು ಅಲ್ಲಿಯ ಜನರಿಗೆ ಹಳೆಯ ಸಂಕಟ. ಕಟ್ಟಡ ಎಷ್ಟೇ ಚೆಂದವಾಗಿರಲಿ, ವರ್ಷವರ್ಷವೂ ಹೂಳೆತ್ತದಿದ್ದರೆ ಧಕ್ಕೆ ಕೆಲಸಕ್ಕೆ ಬಾರದು.

ವಸಾಯಿ, ಭಾಯಂದರ್, ವಿರಾರ್ ಕನ್ನಡಿಗರಿಗೆ

ಮೀರಾರೋಡ್, ಭಾಯಂದರ್, ವಸಾಯಿ, ನಾಲಾಸೋಪಾರ, ವಿರಾರ್ ಪರಿಸರದಲ್ಲಿ ತುಳು-ಕನ್ನಡಿಗರ ಸಂಖ್ಯೆ ದೊಡ್ಡದು. ಇಲ್ಲಿಯ ಸಂಘ ಸಂಸ್ಥೆಗಳ ಕಾರ್ಯಕ್ರಮಕ್ಕೆ ಖಾಡಿಯ ಈ ಬದಿಯಿಂದ ಆ ಬದಿಗೆ ಹೋಗುವವರಿಗೆ ಎರಡೇ ದಾರಿಗಳಿದ್ದವು: ಕಿಕ್ಕಿರಿದ ಲೋಕಲ್ ರೈಲು ಅಥವಾ ಸುತ್ತುಬಳಸಿನ ಹೆದ್ದಾರಿ. 2024ರ ಫೆಬ್ರವರಿಯಲ್ಲಿ ವಸಾಯಿ-ಭಾಯಂದರ್ ರೋ-ರೋ ಸೇವೆ ಆರಂಭವಾದಾಗ ಮೂರನೆಯ ದಾರಿ ತೆರೆಯಿತು. ರಸ್ತೆಯಲ್ಲಿ ಮೂವತ್ತೈದು ಕಿಲೋಮೀಟರಿನ ಆಸುಪಾಸಿನ ದಾರಿ ನೀರಿನಲ್ಲಿ ಸುಮಾರು ಮೂರೂವರೆ ಕಿಲೋಮೀಟರಿಗೆ ಇಳಿಯಿತು. ದ್ವಿಚಕ್ರ ವಾಹನದವರಿಗೆ ಇದು ವರದಾನವೇ ಸರಿ.

2025ರ ಏಪ್ರಿಲ್‌ನಲ್ಲಿ ವಿರಾರ್‌ನ ಮಾರಂಬಳಪಾಡಾದಿಂದ ಪಾಲ್ಘರ್ ಕಡೆಯ ಜಲಸಾರಕ್ಕೂ ಇಂತಹದೇ ಸೇವೆ ಬಂತು. ರಸ್ತೆಯಲ್ಲಿ ಸುಮಾರು 60 ಕಿ.ಮೀ. ಸುತ್ತಬೇಕಾದ ಕಡೆ ಖಾಡಿಯ ಅಗಲ ಒಂದೂವರೆ ಕಿಲೋಮೀಟರ್ ಮಾತ್ರ. ಇವೆಲ್ಲ ದೊಡ್ಡ ಕಟ್ಟಡಗಳ ಟರ್ಮಿನಲ್‌ಗಳಲ್ಲ. ಒಂದು ಇಳಿಜಾರು, ಒಂದು ಟಿಕೆಟ್ ಕಿಟಕಿ, ಒಂದು ಬಾರ್ಜ್. ಆದರೂ ಕೆಲಸಕ್ಕೆ ಹೋಗುವವರು, ತರಕಾರಿ ಮಾರುವವರು, ಬೈಕಿನಲ್ಲಿ ಹೋಗುವ ಕುಟುಂಬಗಳು ಬಳಸುವುದು ಇವನ್ನೇ.

ಗೇಟ್‌ವೇಯಲ್ಲಿ ವಾದ-ವಿವಾದ

1924ರಲ್ಲಿ ಪೂರ್ಣಗೊಂಡ ಗೇಟ್‌ವೇ ಆಫ್ ಇಂಡಿಯಾ ಒಂದು ಸ್ಮಾರಕ. ಅದನ್ನು ದೋಣಿ ನಿಲ್ದಾಣವೆಂದು ಯಾರೂ ಕಟ್ಟಿಸಿದ್ದಲ್ಲ. ಇಂದು ಅಲ್ಲಿಯ ಹಳೆಯ ಜೆಟ್ಟಿಗಳಿಂದ ವರ್ಷಕ್ಕೆ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಪ್ರಯಾಣಿಸುತ್ತಾರೆ. ಈ ಒತ್ತಡ ತಗ್ಗಿಸಲು ಸಮೀಪದ ರೇಡಿಯೊ ಕ್ಲಬ್ ಬಳಿ 229 ಕೋಟಿ ರೂಪಾಯಿ ಅಂದಾಜಿನ ಹೊಸ ಜೆಟ್ಟಿ ಮತ್ತು ಟರ್ಮಿನಲ್ ಯೋಜನೆಯನ್ನು ಸರ್ಕಾರ ಕೈಗೆತ್ತಿಕೊಂಡು 2025ರ ಮಾರ್ಚ್‌ನಲ್ಲಿ ಭೂಮಿಪೂಜೆ ನೆರವೇರಿಸಿತು.

ಕೊಲಾಬಾದ ನಿವಾಸಿಗಳು ಇದನ್ನು ವಿರೋಧಿಸಿ ನ್ಯಾಯಾಲಯದ ಮೆಟ್ಟಿಲೇರಿದರು. ಇಕ್ಕಟ್ಟಾದ ರಸ್ತೆಗಳಲ್ಲಿ ವಾಹನ ದಟ್ಟಣೆ ಹೆಚ್ಚುತ್ತದೆ, ಪಾರಂಪರಿಕ ಪರಿಸರಕ್ಕೆ ಧಕ್ಕೆಯಾಗುತ್ತದೆ, ಇದು ಸಾಮಾನ್ಯ ಪ್ರಯಾಣಿಕರಿಗಿಂತ ಗಣ್ಯರಿಗಾಗಿಯೇ ಎಂಬುದು ಅವರ ಆಕ್ಷೇಪ. ಇರುವ ಜೆಟ್ಟಿಗಳು ಸುರಕ್ಷಿತವಲ್ಲ, ಲಕ್ಷಾಂತರ ಜನರಿಗೆ ಅನುಕೂಲ ಬೇಕು ಎಂಬುದು ಸರ್ಕಾರದ ವಾದ. 2025ರ ಜುಲೈ 15ರಂದು ಬಾಂಬೆ ಹೈಕೋರ್ಟ್ ಯೋಜನೆಗೆ ಷರತ್ತುಬದ್ಧ ಒಪ್ಪಿಗೆ ನೀಡಿತು. ಬಯಲು ರಂಗಮಂದಿರವೆಂದು ನಕ್ಷೆಯಲ್ಲಿದ್ದ ಜಾಗವನ್ನು ಪ್ರಯಾಣಿಕರು ಕಾಯುವುದಕ್ಕೆ ಮಾತ್ರ ಬಳಸಬೇಕು, ಉಪಾಹಾರದ ಜಾಗದಲ್ಲಿ ನೀರು ಮತ್ತು ಪ್ಯಾಕ್ ಮಾಡಿದ ತಿಂಡಿ ಮಾತ್ರ ಇರಬೇಕು, ಹಳೆಯ ಜೆಟ್ಟಿಗಳ ಬಳಕೆಯನ್ನು ಹಂತಹಂತವಾಗಿ ಕೈಬಿಡಬೇಕು ಎಂಬವು ಆ ಷರತ್ತುಗಳಲ್ಲಿ ಕೆಲವು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲು ನಿರಾಕರಿಸಿತು. ಧಕ್ಕೆ ಎಂದರೆ ಮೊದಲು ಪ್ರಯಾಣಿಕರ ಜಾಗ, ಉಳಿದದ್ದೆಲ್ಲ ಆಮೇಲೆ ಎಂಬ ಸರಳ ನೀತಿ ಈ ಷರತ್ತುಗಳಲ್ಲಿ ಅಡಗಿದೆ.

ಅದೇ ತಿಂಗಳ 20ರಂದು ಬಲ್ಲಾರ್ಡ್ ಪಿಯರ್‌ನ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾಯಿತು. ವಿಮಾನ ನಿಲ್ದಾಣವನ್ನು ನೆನಪಿಸುವ ಆ ಕಟ್ಟಡ ನಗರಕ್ಕೆ ಹೆಮ್ಮೆಯೇ. ಆದರೆ ಅಲ್ಲಿಂದ ಅನತಿ ದೂರದ ಭಾವುಚಾ ಧಕ್ಕೆಯಲ್ಲಿ ಮೋರಾದ ಲಾಂಚಿಗೆ ಕಾಯುವವರಿಗೂ ನೆರಳು, ಕುಡಿಯುವ ನೀರು, ಶುಚಿಯಾದ ಶೌಚಾಲಯ ದೊರೆತಾಗಲೇ ಈ ಹೆಮ್ಮೆ ಪೂರ್ಣವಾದೀತು.

ಕಟ್ಟಡವೊಂದೇ ಸಾಲದು

ಟರ್ಮಿನಲ್ ಕಟ್ಟಿದರೆ ಪ್ರಯಾಣಿಕರು ತಾವಾಗಿ ಬರುತ್ತಾರೆ ಎಂಬ ನಂಬಿಕೆಗೆ ಮುಂಬಯಿಯಲ್ಲೇ ಪೆಟ್ಟು ಬಿದ್ದಿದೆ. 2022ರ ಫೆಬ್ರವರಿ 17ರಂದು ಬೇಲಾಪುರದಲ್ಲಿ ಹೊಸ ಜೆಟ್ಟಿ ಉದ್ಘಾಟನೆಯಾಗಿ ವಾಟರ್ ಟ್ಯಾಕ್ಸಿಗಳು ಹೊರಟವು. ನವಿಮುಂಬಯಿಯ ಕನ್ನಡಿಗರೂ ಸಂಭ್ರಮಪಟ್ಟರು. ಆದರೆ ಸ್ಪೀಡ್ ಬೋಟಿನ ದರ ನೂರಾರು ರೂಪಾಯಿ. ಲೋಕಲ್ ರೈಲಿನ ಮಾಸಿಕ ಪಾಸಿನಲ್ಲಿ ಓಡಾಡುವ ಜನರಿಗೆ ಅದು ದಿನನಿತ್ಯದ ಸವಾರಿ ಆಗಲಾರದು. ಧಕ್ಕೆಯಿಂದ ರೈಲು ನಿಲ್ದಾಣಕ್ಕೆ, ಕಚೇರಿಗೆ ಮತ್ತೆ ರಿಕ್ಷಾ ಅಥವಾ ಬಸ್ಸು ಹಿಡಿಯಬೇಕು. ಪ್ರಯಾಣಿಕರು ಸಾಲದೆ ಸೇವೆ ಸೊರಗಿತು. 2024ರ ಜನವರಿಯಲ್ಲಿ ಅಟಲ್ ಸೇತು ತೆರೆದು, ಉರಣದ ತನಕ ಲೋಕಲ್ ರೈಲು ಓಡಿದ ಮೇಲೆ ಕಡಲ ದಾರಿಗೆ ಪೈಪೋಟಿ ಇನ್ನೂ ಹೆಚ್ಚಿತು.

ಇದಕ್ಕೆ ಪ್ರತಿಯಾಗಿ ಕೊಚ್ಚಿಯ ಉದಾಹರಣೆ ಇದೆ. ಅಲ್ಲಿ 2023ರ ಏಪ್ರಿಲ್‌ನಲ್ಲಿ ಆರಂಭವಾದ ವಾಟರ್ ಮೆಟ್ರೊ ಹತ್ತು ದ್ವೀಪಗಳನ್ನು ಜೋಡಿಸುವ 38 ಟರ್ಮಿನಲ್‌ಗಳ ಯೋಜನೆ. ಎಲ್ಲ ಕಡೆ ತೇಲುವ ಕಟ್ಟೆ, ಗಾಲಿಕುರ್ಚಿಯವರೂ ಸಲೀಸಾಗಿ ಹತ್ತುವ ವ್ಯವಸ್ಥೆ, ಒಳಹೋದವರ ಲೆಕ್ಕವಿಡುವ ಗೇಟು. ದೋಣಿಯ ಸಾಮರ್ಥ್ಯ ತುಂಬಿದ ಕೂಡಲೇ ಗೇಟು ಮುಚ್ಚುತ್ತದೆ. ಆರಂಭದಲ್ಲಿ ಕನಿಷ್ಠ ದರ 20 ರೂಪಾಯಿ. ಮುಂಬಯಿಗೂ ಇಂತಹ ಜಾಲ ಸಾಧ್ಯವೇ ಎಂದು ಪರಿಶೀಲಿಸುವ ಕೆಲಸವನ್ನು ಮಹಾರಾಷ್ಟ್ರ ಸರ್ಕಾರ ಕೊಚ್ಚಿ ಮೆಟ್ರೊ ಸಂಸ್ಥೆಗೇ ವಹಿಸಿದೆ.

ಊರಿನಲ್ಲೂ ಬದಲಾವಣೆ

ಊರಿನ ಕಡೆಗೂ ಈ ಗಾಳಿ ಬೀಸಿದೆ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳನ್ನು ಬಳಸಿ ಬಜಾಲ್‌ನಿಂದ ಮರವೂರು ತನಕ ವಾಟರ್ ಮೆಟ್ರೊ ತರುವ ಪ್ರಸ್ತಾಪವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಮುಂದಿಟ್ಟಿತು. ಬಂದರಿನಿಂದ ಬೆಂಗ್ರೆಗೆ, ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿ ದಾಟಿ ಬೆಳೆದವರಿಗೆ ಇದು ಕುತೂಹಲದ ಸುದ್ದಿ.

ಇನ್ನೊಂದೆಡೆ, ದೋಣಿಯ ಕಾಲ ಮುಗಿದುದಕ್ಕೆ ಜನ ನೆಮ್ಮದಿಯ ಉಸಿರು ಬಿಟ್ಟ ಊರೂ ಇದೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದ ದ್ವೀಪದಂತಾದ ತುಮರಿ ಭಾಗದ ಜನರು ದಶಕಗಳ ಕಾಲ ಲಾಂಚನ್ನೇ ನಂಬಿದ್ದರು. ರಜೆಯಲ್ಲಿ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೋದ ಮುಂಬಯಿ ಕನ್ನಡಿಗರಿಗೆ ಆ ಲಾಂಚಿನ ಸಾಲು ಚೆನ್ನಾಗಿ ಗೊತ್ತು. ಪ್ರವಾಸಿಗರಿಗೆ ಅದು ಮೋಜು. ರಾತ್ರಿ ಹೆರಿಗೆ ನೋವು ಬಂದ ಮನೆಯವರಿಗೆ, ಬೇಸಿಗೆಯಲ್ಲಿ ನೀರು ತಗ್ಗಿ ಲಾಂಚು ನಿಂತಾಗ ಆಸ್ಪತ್ರೆಗೆ ಹೋಗಬೇಕಾದವರಿಗೆ ಅದು ಸಂಕಟ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವಿನ 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾದಾಗ ಆ ಸಂಕಟ ಕೊನೆಗೊಂಡಿತು. ಎಲ್ಲಿ ಧಕ್ಕೆ ಬೇಕು, ಎಲ್ಲಿ ಸೇತುವೆ ಬೇಕು ಎಂಬುದನ್ನು ಅಲ್ಲಿ ಬದುಕುವವರ ಕಷ್ಟವೇ ನಿರ್ಧರಿಸಬೇಕು ಎಂಬುದಕ್ಕೆ ಇದು ನಿದರ್ಶನ.

ಸಂಘ ಸಂಸ್ಥೆಗಳ ಗಮನಕ್ಕೆ

ಮುಂಬಯಿಯಿಂದ ಜಯಗಡ ಮತ್ತು ವಿಜಯದುರ್ಗಕ್ಕೆ ರೋ-ರೋ ಹಡಗು ಓಡಿಸುವ ಯೋಜನೆಯನ್ನು ಮಹಾರಾಷ್ಟ್ರ ಸರ್ಕಾರ 2025ರಲ್ಲಿ ಪ್ರಕಟಿಸಿದಾಗ, ಅದು ಕಾರವಾರ, ಮಲ್ಪೆ, ಮಂಗಳೂರಿನ ತನಕ ಬರಬಾರದೇ ಎಂಬ ಆಸೆ ಕರಾವಳಿ ಕನ್ನಡಿಗರಲ್ಲಿ ಮೂಡುವುದು ಸಹಜ. ಗಣೇಶ ಚತುರ್ಥಿಗೆ, ಮೇ ರಜೆಗೆ ರೈಲಿನ ಟಿಕೆಟ್ ಸಿಗದೆ ಪರದಾಡುವವರ ಕಷ್ಟ ನೋಡಿದರೆ ಆ ಆಸೆಯಲ್ಲಿ ತಪ್ಪಿಲ್ಲ. ಆದರೆ ದೂರದ ಹಡಗು ನಡೆಯಬೇಕಾದರೆ ದಾರಿಯುದ್ದಕ್ಕೂ ಆಳವಾದ ಧಕ್ಕೆಗಳು, ಮಳೆಗಾಲವನ್ನು ತಡೆಯುವ ಅಲೆತಡೆಗಳು, ಜನರ ಕೈಗೆಟಕುವ ದರ ಇವು ಮೂರೂ ಬೇಕು. ಒಂದು ತಪ್ಪಿದರೂ ಹಿಂದಿನ ಹಡಗುಗಳಿಗೆ ಆದ ಗತಿಯೇ ಆದೀತು.

ಅಷ್ಟರ ತನಕ ಸಂಘಗಳು ತಮ್ಮ ಮಟ್ಟದಲ್ಲಿ ಮಾಡಬಹುದಾದ ಕೆಲಸವಿದೆ. ಪ್ರತಿ ಚಳಿಗಾಲದಲ್ಲೂ ಮಹಿಳಾ ವಿಭಾಗ, ಯುವ ವಿಭಾಗಗಳು ಎಲಿಫೆಂಟಾಕ್ಕೆ, ಅಲಿಬಾಗ್‌ಗೆ ವಿಹಾರಕೂಟ ಏರ್ಪಡಿಸುತ್ತವೆ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ ಎಂಬುದನ್ನು ಮೊದಲೇ ನೆನಪಿಟ್ಟುಕೊಳ್ಳಬೇಕು. ಹೊರಡುವ ಮೊದಲು ಆ ದಿನದ ಭರತ-ಇಳಿತದ ವೇಳೆ ವಿಚಾರಿಸಬೇಕು. ದೋಣಿ ಹತ್ತುವಾಗ ತಮ್ಮವರ ತಲೆ ಎಣಿಸಬೇಕು. ದೋಣಿಯ ಮೇಲೆ ಬರೆದಿರುವ ಸಾಮರ್ಥ್ಯಕ್ಕಿಂತ ಹೆಚ್ಚು ಜನ ಹತ್ತಿದ್ದರೆ ಮುಂದಿನ ದೋಣಿಗೆ ಕಾಯಬೇಕು. ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೇಳಿ ಪಡೆಯಬೇಕು. ಸೆಕೆ, ಫೋಟೊ ಚೆನ್ನಾಗಿ ಬರುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಕಳಚಿಡಬಾರದು. ಹಿರಿಯರನ್ನು ಕರೆದೊಯ್ಯುವಾಗ ಮೆಟ್ಟಿಲಿನ ಧಕ್ಕೆಗಿಂತ ಇಳಿಜಾರಿನ ಧಕ್ಕೆಯಿರುವ ಭಾವುಚಾ ಧಕ್ಕೆ-ಮಾಂಡ್ವಾ ಹಡಗು ಅನುಕೂಲ.

ತನ್ನ ಕಾಲದ ಜನರು ದೋಣಿ ಹತ್ತಲು ಪಡುತ್ತಿದ್ದ ಪಾಡನ್ನು ಕಂಡು ‘ಭಾವು’ ಧಕ್ಕೆ ಕಟ್ಟಿಸಿದರು. ಅವರ ಹೆಸರು ಉಳಿದದ್ದು ಕಟ್ಟಡದ ಅಂದದಿಂದಲ್ಲ, ಅದು ಜನರಿಗೆ ಉಪಯೋಗಕ್ಕೆ ಬಂದುದರಿಂದ. ಹೊಸ ಟರ್ಮಿನಲ್‌ಗಳನ್ನು ಕಟ್ಟುವವರೂ ಅದೇ ಅಳತೆಗೋಲನ್ನು ಹಿಡಿದರೆ, ಹಿಂದೆ ಆಗಬೋಟಿನಲ್ಲಿ ಬಂದಿಳಿದ ಹಿರಿಯರ ಮೊಮ್ಮಕ್ಕಳು ಕಡಲ ದಾರಿಯನ್ನು ಮತ್ತೆ ನಂಬಿಕೆಯಿಂದ ಹಿಡಿಯಬಹುದು.